ಜಮಖಾನೆಯ ಮೇಲೆ ಬೆಕ್ಕಿನ ರುಜು

ಬೀಗರು ಮಾತುಕತೆಗೆ ಬರುವ ಹಿಂದಿನ ದಿನ ಸಾವಳಗಿಯಿಂದ ಅತ್ತೆಯ ಫೋನು ಬಂತು. ಪಡಸಾಲೆಗೆ ಹಾಸಲೆಂದು ಜಮಖಾನೆ ಬಿಚ್ಚಿದರೆ ಹಳದಿ ಕಲೆ, ಮೂಗು ಮುಚ್ಚಿಕೊಳ್ಳುವಂಥ ನಾತ. ಪಕ್ಕದಲ್ಲಿದ್ದ ಕರಿ ಕಂಬಳಿಗೂ ಅದೇ ಗತಿ.

“ಬೆಕ್ಕ ಉಚ್ಚಿ ಹೊಯ್ದೈತಿ. ಬೂದಿ ಹಾಕಿದೆ, ಕುದಿಯೋ ನೀರ ಸುರವಿದೆ, ಫಿನೈಲ್ ಹಾಕಿದೆ. ವಾಸನಿ ಹೋಗವಲ್ದು. ಏನ್ ಮಾಡೂದ ಹೇಳಪಾ.”

“ಅತ್ತಿ, ಆ ಮೂರೂ ಮಾಡಬಾರದಿತ್ತ,” ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಮರುದಿನ ಬೀಗರು ನೆರೆಮನೆಯ ಜಮಖಾನೆಯ ಮೇಲೆ ಕೂತು ಚಹಾ ಕುಡಿದರಂತೆ.

ಜಮಖಂಡಿ ತಾಲೂಕಿನ ಈ ಭಾಗದಲ್ಲಿ ಬೆಕ್ಕನ್ನು ಯಾರೂ ‘ಸಾಕುವುದಿಲ್ಲ’. ಜೋಳದ ಚೀಲಗಳಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು, ಅಷ್ಟೇ ಲೆಕ್ಕ. ಮಣ್ಣಿನ ನೆಲವಿದ್ದ ಕಾಲಕ್ಕೆ ಅದು ಎಲ್ಲಿ ಹೊಯ್ದರೂ ನಾಲ್ಕು ಬೊಗಸೆ ಮಣ್ಣು ಕೆದರಿ ತೆಗೆದು, ಹೊಸ ಮಣ್ಣು ಬಡಿದು, ಸೆಗಣಿ ಸಾರಿಸಿದರೆ ಮುಗಿಯುತ್ತಿತ್ತು. ಹಾಸನ್ನು ಹಾಗೆ ಕೆದರಿ ತೆಗೆಯಲಾಗದು. ಅದರಲ್ಲೂ ಅತ್ತೆಯ ಜಮಖಾನೆ ನವಲಗುಂದದ್ದು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಊರಿನ ಹೆಂಗಸರ ಕೈನೇಯ್ಗೆ, ಅಪ್ಪಟ ಹತ್ತಿ. ಕಂಬಳಿ ಮಾತ್ರ ದಖ್ಖನಿ ಕುರಿಯ ಉಣ್ಣೆಯದು. ಹೊಯ್ದದ್ದು ಒಂದೇ ಬೆಕ್ಕು. ಎಳೆ ಎರಡು ಜಾತಿಯವು. ಈ ಭೇದ ಮುಂದೆ ಮುಖ್ಯವಾಗುತ್ತದೆ.

ಆ ಭಾನುವಾರ ಹೋಗಿ ಜಮಖಾನೆಯನ್ನು ಅಂಗಳದಲ್ಲಿ ಉದ್ದಕ್ಕೆ ಬಿಚ್ಚಿದೆ. ಹೊರ ಅಂಚಿನಲ್ಲಿ ದಟ್ಟ ಕಲೆ, ಒಂದಿಷ್ಟು ದೂರಕ್ಕೆ ಇನ್ನೊಂದು, ಆಮೇಲೆ ಮತ್ತೊಂದು. ಒಂದಕ್ಕಿಂತ ಒಂದು ತಿಳಿಯಾಗುತ್ತ ಒಳಗೆ ಹೋಗಿವೆ. ಸುರುಳಿ ಸುತ್ತಿ ಗೋಡೆಗೆ ಆನಿಸಿ ನಿಲ್ಲಿಸಿದ್ದಾಗ ಬಿದ್ದದ್ದು ಇದು. ಬರೀ ಹೊಟ್ಟೆ ಹಗುರ ಮಾಡಿಕೊಳ್ಳುವ ಬೆಕ್ಕು ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಹೊಯ್ಯುತ್ತದೆ. ನಿಂತ ವಸ್ತುವಿಗೆ ಬೆನ್ನು ಕೊಟ್ಟು, ಬಾಲ ಎತ್ತಿ ನಡುಗಿಸಿ ಸಿಂಪಡಿಸಿದರೆ ಅದು ರುಜು: ‘ಇದು ನನ್ನ ಸರಹದ್ದು’. ಹೆಚ್ಚಾಗಿ ಹೀಗೆ ರುಜು ಹಾಕುವುದು ಬೀಜ ಒಡೆಸದ ಗಂಡು ಬೆಕ್ಕು.

ಈಗ ನಾತದ ವಿಚಾರ. ಬೆಕ್ಕಿನ ನಾತ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಕನಿಷ್ಠ ಎರಡು ನಾತಗಳಿವೆ. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಅತ್ತೆಯ ಪಡಿಪಾಟಲಿಗೆಲ್ಲ ಇದೇ ಮೂಲ.

ಮೊದಲನೆಯದು ಇಲ್ಲಿನ ರೈತರಿಗೆ ಹೊಸದೇನಲ್ಲ. ಕಬ್ಬಿಗೆ ಹಾಕುವ ಯೂರಿಯಾ ಚೀಲ ಬಿಚ್ಚಿದಾಗ ಬೆಳ್ಳನೆಯ ಕಾಳಿಗೆ ಅಂಥ ವಾಸನೆ ಇರುವುದಿಲ್ಲ. ಮೂತ್ರದಲ್ಲಿರುವುದೂ ಅದೇ ಯೂರಿಯಾ. ಜರ್ಮನಿಯ ವೋಲರ್ 1828ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿ ತೋರಿಸಿದ ಅದೇ ಅಣು. ತೇವದ ಮಣ್ಣಿಗೆ ಬಿದ್ದ ಯೂರಿಯಾವನ್ನು ಯೂರಿಯೇಸ್ ಎಂಬ ಕಿಣ್ವ ಒಡೆದು ಅಮೋನಿಯಾ ಮಾಡುತ್ತದೆ. ಜಮಖಾನೆಯ ಮೇಲೂ ನಡೆಯುವುದು ಅದೇ. ಕಿಣ್ವವನ್ನು ಒದಗಿಸುವ ಬ್ಯಾಕ್ಟೀರಿಯಾಗಳು ದೂಳಿನಲ್ಲಿ, ನಮ್ಮ ಅಂಗಾಲಿನಲ್ಲಿ, ಎಲ್ಲೆಲ್ಲೂ ಇವೆ. ಇದೇ ಯೂರಿಯೇಸನ್ನು ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಅವರೆಯ ದೂರದ ನೆಂಟನಾದ ಜ್ಯಾಕ್ ಬೀನ್ ಕಾಳಿನಿಂದ ಹರಳುಗಟ್ಟಿಸಿ ತೆಗೆದ. ಹರಳು ರೂಪದಲ್ಲಿ ಸಿಕ್ಕ ಮೊದಲ ಕಿಣ್ವ ಅದು. 1946ರಲ್ಲಿ ಅವನಿಗೆ ನೊಬೆಲ್ ಬಂತು.

ಬೆಕ್ಕಿನ ಮೂತ್ರ ಇಷ್ಟು ಖಾರವೇಕೆ? ಅದರ ಪೂರ್ವಜ ಆಫ್ರಿಕಾ, ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ತಿನ್ನುವುದು ಬರೀ ಮಾಂಸ, ಕುಡಿಯಲು ನೀರು ಕಡಿಮೆ. ಹನಿ ನೀರನ್ನೂ ಪೋಲು ಮಾಡದೆ ಮೂತ್ರವನ್ನು ಬತ್ತಿಸಿ ಬತ್ತಿಸಿ ಹೊರಗೆ ಹಾಕುವ ಮೂತ್ರಪಿಂಡ ಅದಕ್ಕೆ ಬಂದದ್ದು ಹೀಗೆ. ಅಂದರೆ ಜಮಖಾನೆಗೆ ಬೀಳುವುದು ದ್ರವ ಗೊಬ್ಬರ, ಅದೂ ನೀರು ಬೆರೆಸದ್ದು.

ಇನ್ನು ಬೂದಿ. ಕೃಷ್ಣೆಯ ನೀರಾವರಿಯಲ್ಲಿ ಸವುಳು ಹತ್ತಿದ ಹೊಲಕ್ಕೆ ಯೂರಿಯಾ ಚೆಲ್ಲಿದರೆ ಬೆಳೆಗಿಂತ ಗಾಳಿಗೆ ಹೋಗುವುದೇ ಜಾಸ್ತಿ ಎಂದು ಅತ್ತೆಯ ಮಗನಿಗೆ ಗೊತ್ತು. ಕಾರಣ ಕ್ಷಾರ. ಮಣ್ಣು ಆಮ್ಲೀಯವಾಗಿದ್ದರೆ ಅಮೋನಿಯಾ ‘ಅಮೋನಿಯಂ’ ಎಂಬ ಲವಣರೂಪ ತಾಳಿ ಮೂಗಿಗೆ ತಾಗದೆ ಕೂತಿರುತ್ತದೆ. ಪಿಎಚ್ 9ರ ಆಚೆ ದಾಟಿತೋ, ಅನಿಲವಾಗಿ ಎದ್ದು ಹೊರಡುತ್ತದೆ. ಒಲೆಯ ಬೂದಿ ಅಪ್ಪಟ ಕ್ಷಾರ. ಅದು ಒದ್ದೆ ಹೀರಿತೇನೋ ನಿಜ, ಆದರೆ ಜಮಖಾನೆಯ ಆ ಮೂಲೆಯನ್ನು ಅಂಗೈಯಗಲದ ಸವುಳು ಹೊಲ ಮಾಡಿಬಿಟ್ಟಿತು. ಕುದಿಯುವ ನೀರು ಈ ಅನಿಲವನ್ನು ಇನ್ನಷ್ಟು ಎಬ್ಬಿಸಿತು. ಮೂತ್ರದಲ್ಲಿನ ಪ್ರೋಟೀನನ್ನು ಬೇಯಿಸಿದ ತತ್ತಿಯ ಹಾಗೆ ಎಳೆಗೆ ಹಿಡಿಸಿತು. ಉಣ್ಣೆಯ ಕಂಬಳಿಯನ್ನಂತೂ ಮುದುಡಿಸಿಯೇ ಬಿಟ್ಟಿತು.

ಫಿನೈಲಿನ ತಪ್ಪು ಇವೆರಡಕ್ಕಿಂತ ದೊಡ್ಡದು. ನಾತದ ಮೇಲೆ ಇನ್ನೊಂದು ನಾತ ಹೊದಿಸುವುದಷ್ಟೇ ಅದರ ಕೆಲಸ. ನಮ್ಮ ಮೂಗು ಮೋಸಹೋದರೂ ಬೆಕ್ಕಿನ ಮೂಗು ಹೋಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕರಿ ಫಿನೈಲಿನಲ್ಲಿ ಡಾಂಬರಿನಿಂದ ಬಂದ ಫೀನಾಲ್‌ಗಳಿವೆ. ಅವುಗಳನ್ನು ಯಕೃತ್ತಿನಲ್ಲಿ ಕಟ್ಟಿಹಾಕಿ ಹೊರಗೆ ಕಳಿಸುವ ಒಂದು ಕಿಣ್ವ ನಮಗುಂಟು; ಬೆಕ್ಕಿನ ವಂಶದಲ್ಲಿ ಅದರ ಜೀನು ಕೆಟ್ಟುಹೋಗಿದೆ. ತುಳಿದು, ಅಂಗಾಲು ನೆಕ್ಕಿಕೊಂಡರೆ ಸಾಕು, ವಿಷವೇರಬಹುದು. ಜ್ವರದ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕನ್ನು ಕೊಲ್ಲುವುದಕ್ಕೂ ಇದೇ ಕೊರತೆ ಮುಖ್ಯ ಕಾರಣ. ಬ್ಲೀಚಿಂಗ್ ಪೌಡರ್ ಹಾಕಿರಲಿಲ್ಲ, ಪುಣ್ಯ. ಅದು ಅಮೋನಿಯಾ ಜೊತೆ ಕೂಡಿದರೆ ಕ್ಲೋರಮೈನ್ ಅನಿಲ ಹುಟ್ಟಿ ಎದೆ ಉರಿಸುತ್ತದೆ.

ಅಮೋನಿಯಾಕ್ಕೆ ಮದ್ದು ಸುಲಭ: ತಣ್ಣೀರು ಮತ್ತು ಹುಳಿ. ಯೂರಿಯಾ ನೀರಿನಲ್ಲಿ ಕರಗುತ್ತದೆ. ಒಡೆಯುವ ಮೊದಲೇ ತೊಳೆದರೆ ನಾತ ಹುಟ್ಟುವುದೇ ಇಲ್ಲ. ಹಸಿ ಕಲೆಯನ್ನು ತಿಕ್ಕಬಾರದು, ತಿಕ್ಕಿದರೆ ಹರಡುತ್ತದೆ. ಹಳೆ ಧೋತರ ನಾಲ್ಕು ಮಡಿಕೆ ಮಾಡಿ ಹಾಕಿ, ಮೇಲೆ ನಿಂತು ತುಳಿದು ಹೀರಿಸಬೇಕು. ಆಮೇಲೆ ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ನೆನೆಸಿದರೆ ಅಮೋನಿಯಾ ಲವಣವಾಗುತ್ತದೆ, ತೊಳೆದರೆ ಹೋಗುತ್ತದೆ. ಹುಣಸೆಹಣ್ಣೂ ಹುಳಿಯೇ, ಆದರೆ ಹೊಸ ಕಲೆ ಬಿಡುತ್ತದೆ. ಇನ್ನೊಂದು ಎಚ್ಚರ: ಇದನ್ನು ಫರಸಿ ನೆಲದ ಮೇಲೆ ಮಾಡಬೇಡಿ. ಶಹಾಬಾದಿ ಫರಸಿ ಸುಣ್ಣದ ಕಲ್ಲು. ವಿನೆಗರು ಬಿದ್ದಲ್ಲಿ ಹೊಳಪು ಹೋಗಿ ಬೆಳ್ಳಗೆ ಮಾಸುತ್ತದೆ. ಅತ್ತೆಯ ಜಮಖಾನೆಯನ್ನು ಬಾವಿಕಟ್ಟೆಯ ಬಳಿ ನೆನೆಹಾಕಿದೆವು. ಪೇಟೆಯ ಫ್ಲ್ಯಾಟಿನಲ್ಲಿ ನೆಲಕ್ಕೆ ಅಂಟಿಸಿದ ಕಾರ್ಪೆಟ್ ಇದ್ದವರಿಗೆ ಈ ಭಾಗ್ಯವಿಲ್ಲ. ಅಲ್ಲಿ ಮೂತ್ರ ಅಡಿಯ ಫೋಮಿಗೆ ಇಳಿದು, ಮೇಲೆ ಕಾಣುವುದಕ್ಕಿಂತ ಅಗಲಕ್ಕೆ ಹರಡಿರುತ್ತದೆ. ಮದ್ದೂ ಅಷ್ಟೇ ಆಳಕ್ಕೆ ಇಳಿಯಬೇಕು.

ಸಂಜೆಗೆ ಅಮೋನಿಯಾದ ಘಾಟು ಹೋಗಿತ್ತು. ಆದರೆ ಮೂಗು ಹತ್ತಿರ ಒಯ್ದರೆ ಇನ್ನೊಂದು ವಾಸನೆ, ಇದು ಬೆಕ್ಕಿನದೇ ಎಂದು ಕಣ್ಣುಮುಚ್ಚಿ ಹೇಳುವಂಥದ್ದು. ರುಜುವಿನ ಶಾಯಿ ಇದೇ.

ಈ ಶಾಯಿಯ ಗುಟ್ಟು ಬಿಚ್ಚಿದ್ದು ಜಪಾನಿನ ಇವಾಟೆ ವಿಶ್ವವಿದ್ಯಾಲಯದ ಮಸಾವೊ ಮಿಯಾಜಾಕಿ ಮತ್ತು ಸಂಗಡಿಗರು. ಆರೋಗ್ಯವಂತ ಪ್ರಾಣಿಯ ಮೂತ್ರದಲ್ಲಿ ಸಾಮಾನ್ಯವಾಗಿ ಹೆಚ್ಚು ಪ್ರೋಟೀನ್ ಇರಬಾರದು. ಇದ್ದರೆ ಮೂತ್ರಪಿಂಡ ಸೋರುತ್ತಿದೆ ಎಂದು ವೈದ್ಯರು ಗಾಬರಿಯಾಗುತ್ತಾರೆ. ಬೆಕ್ಕಿನಲ್ಲಾದರೋ ಗಟ್ಟಿಮುಟ್ಟಾಗಿದ್ದರೂ ಪ್ರೋಟೀನ್ ಹೋಗುತ್ತಲೇ ಇರುತ್ತದೆ. ಯಾವುದಿದು ಎಂದು ಹುಡುಕಿದ ಅವರು 2003ರಲ್ಲಿ ಅದಕ್ಕೆ ‘ಕಾಕ್ಸಿನ್’ ಎಂದು ಹೆಸರಿಟ್ಟರು. ಅದೊಂದು ಕಿಣ್ವ, ಅದರ ಕೆಲಸ ಫೆಲಿನೈನ್ ಎಂಬ ಗಂಧಕಯುಕ್ತ ಅಮೈನೊ ಆಮ್ಲ ತಯಾರಿಸುವುದು ಎಂದು 2006ರಲ್ಲಿ ತೋರಿಸಿದರು. ಫೆಲಿನೈನಿಗೂ ತಾನಾಗಿ ನಾತವಿಲ್ಲ. ಹೊರಗೆ ಬಿದ್ದ ಮೇಲೆ ನಿಧಾನವಾಗಿ ಒಡೆಯುತ್ತ ಥಯಾಲ್ ಎಂಬ ಗಂಧಕದ ಅಣುಗಳನ್ನು ಬಿಡುತ್ತದೆ. ಗ್ಯಾಸ್ ಸಿಲಿಂಡರ್ ಸೋರಿದರೆ ಗೊತ್ತಾಗಲೆಂದು ಅದಕ್ಕೆ ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಕೂಡ ಇದೇ ಮನೆತನದ್ದು. ಮೂಗು ಈ ಜಾತಿಯನ್ನು ಎಷ್ಟು ಚಿಟಿಕೆಯಲ್ಲೂ ಪತ್ತೆಹಚ್ಚುತ್ತದೆ ಎಂಬುದಕ್ಕೆ ಆ ಸಿಲಿಂಡರೇ ಸಾಕ್ಷಿ. ಹೋರಿ ಬೆಕ್ಕಿನಲ್ಲಿ ಕಾಕ್ಸಿನ್, ಫೆಲಿನೈನ್ ಎರಡೂ ಹೆಚ್ಚು. ಬೀಜ ಒಡೆಸಿದರೆ ಇಳಿಯುತ್ತವೆ. ನಿಧಾನವಾಗಿ ಒಡೆಯುವುದರಲ್ಲೇ ಬೆಕ್ಕಿನ ಜಾಣತನವಿದೆ: ಬರೆದವನು ಊರಾಚೆ ಹೋದರೂ ಚೀಟಿ ದಿನಗಟ್ಟಲೆ ಓದಿಸಿಕೊಳ್ಳುತ್ತದೆ.

ಸ್ವಚ್ಛತಾ ದ್ರಾವಣಗಳ ಜಾಹೀರಾತಿನಲ್ಲಿ ‘ಯೂರಿಕ್ ಆಮ್ಲದ ಹರಳೇ ನಾತಕ್ಕೆ ಕಾರಣ’ ಎಂಬ ಮಾತು ಪದೇ ಪದೇ ಬರುತ್ತದೆ. ನನಗೆ ಇದು ಒಪ್ಪಿಗೆಯಿಲ್ಲ. ಯೂರಿಕ್ ಆಮ್ಲ ಕೂಡಿಟ್ಟುಕೊಂಡು ಸಂದು ನೋಯಿಸಿಕೊಳ್ಳುವುದು ಮನುಷ್ಯರ ಪಾಡು. ಬೆಕ್ಕಿನ ಯಕೃತ್ತು ಅದರ ಬಹುಪಾಲನ್ನು ಸುಲಭವಾಗಿ ಕರಗುವ ಅಲಾಂಟಾಯಿನ್ ಆಗಿ ಪರಿವರ್ತಿಸುತ್ತದೆ. ಕಾರಣ ಗಂಧಕ, ಮದ್ದೂ ಗಂಧಕಕ್ಕೇ ಬೇಕು.

ಥಯಾಲನ್ನು ಹುಳಿಯಿಂದ ಕಟ್ಟಿಹಾಕಲಾಗದು. ಅದಕ್ಕೆ ಆಕ್ಸಿಜನ್ ಉಣಿಸಬೇಕು. ಉಂಡರೆ ನಾತವಿಲ್ಲದ ಲವಣವಾಗುತ್ತದೆ. ಅಮೆರಿಕದ ಪಾಲ್ ಕ್ರೆಬಾಮ್ ಎಂಬ ರಸಾಯನತಜ್ಞ ಸ್ಕಂಕ್ ಎಂಬ ನಾತದ ಪ್ರಾಣಿಯ ಸಿಂಚನಕ್ಕೆ 1993ರಲ್ಲಿ ಪ್ರಕಟಿಸಿದ ಮನೆಮದ್ದು ಇದೇ ತತ್ತ್ವದ್ದು: ಹೈಡ್ರೋಜನ್ ಪೆರಾಕ್ಸೈಡ್, ಅಡುಗೆ ಸೋಡಾ, ತುಸು ಪಾತ್ರೆ ತೊಳೆಯುವ ಸೋಪು. ಔಷಧಿ ಅಂಗಡಿಯ ಪೆರಾಕ್ಸೈಡ್ ಬಾಟಲಿ ಸಾಮಾನ್ಯವಾಗಿ ಶೇ 6ರದ್ದು. ಅಷ್ಟೇ ನೀರು ಬೆರೆಸಿದರೆ ಶೇ 3. ಎರಡು ಲೋಟಕ್ಕೆ ಎರಡು ಚಮಚ ಸೋಡಾ, ನಾಲ್ಕು ಹನಿ ಸೋಪು. ಕಲಸಿದ ಕೂಡಲೇ ಬಳಸಬೇಕು. ಮುಚ್ಚಳ ಬಿಗಿದು ಇಟ್ಟರೆ ಒಳಗೆ ಗಾಳಿ ಕಟ್ಟಿ ಬಾಟಲಿ ಸಿಡಿದೀತು. ವಿನೆಗರನ್ನು ಮೊದಲು ಪೂರ್ತಿ ತೊಳೆದಿರಬೇಕು, ಎರಡೂ ಬೆರೆತರೆ ಚರ್ಮ ಸುಡುವ ಆಮ್ಲವಾಗುತ್ತದೆ. ಬಣ್ಣ ಬಿಡುತ್ತದೋ ಎಂದು ಜಮಖಾನೆಯ ಒಂದು ಅಂಚಿಗೆ ಹಚ್ಚಿ ನೋಡಿದೆವು. ಬಿಡಲಿಲ್ಲ. ಅರ್ಧ ತಾಸು ಬಿಟ್ಟು ತೊಳೆದು ನೆರಳಲ್ಲಿ ಒಣಗಿಸಿದೆವು.

ಕಂಬಳಿಗೆ ಇದು ನಡೆಯದು. ಪೆರಾಕ್ಸೈಡ್ ಕರಿ ಉಣ್ಣೆಯ ಬಣ್ಣ ತಿಂದು ಕಂದು ತೇಪೆ ಎಬ್ಬಿಸುತ್ತದೆ. ಉಣ್ಣೆ ಎಂದರೆ ನಮ್ಮ ಕೂದಲಿನಂಥ ಪ್ರೋಟೀನು, ಗಂಧಕದ ಕೊಂಡಿಗಳಿಂದಲೇ ಹೆಣೆದದ್ದು. ಸೋಡಾದ ಕ್ಷಾರವೂ ಅದಕ್ಕೆ ಆಗಿಬರುವುದಿಲ್ಲ. ಈಗ ಪೇಟೆಯಲ್ಲಿ ಸಿಗುವ ಕಿಣ್ವದ ದ್ರಾವಣಗಳಲ್ಲಿ ಪ್ರೋಟೀನ್ ತಿನ್ನುವ ಪ್ರೋಟಿಯೇಸ್ ಇದ್ದರೆ ಅದು ಕಲೆಯನ್ನೂ ತಿನ್ನುತ್ತದೆ, ಕಂಬಳಿಯನ್ನೂ. ಹತ್ತಿಗೆ, ಪ್ಲಾಸ್ಟಿಕ್ ಎಳೆಯ ಕಾರ್ಪೆಟ್ಟಿಗೆ ಅವು ಒಳ್ಳೆಯವೇ, ಆದರೆ ಫಿನೈಲ್ ಹಾಕಿದ ಜಾಗದಲ್ಲಿ ಕೆಲಸ ಮಾಡವು, ಮತ್ತು ತಾಸುಗಟ್ಟಲೆ ಒದ್ದೆಯಾಗಿಯೇ ಇರಬೇಕು. ಒಂದು ತಮಾಷೆ: ಹಳೆಯ ರೋಮಿನಲ್ಲಿ ಉಣ್ಣೆ ಬಟ್ಟೆ ಶುಚಿ ಮಾಡುತ್ತಿದ್ದದ್ದೇ ಹಳಸಿದ ಮೂತ್ರದ ಅಮೋನಿಯಾದಿಂದ, ಚಕ್ರವರ್ತಿ ವೆಸ್ಪಾಸಿಯನ್ ಅದಕ್ಕೆ ತೆರಿಗೆ ಹಾಕಿದ್ದ. ನಮ್ಮ ಕಂಬಳಿಗೆ ತಣ್ಣೀರು, ತೆಳು ವಿನೆಗರು, ಮತ್ತೆ ತಣ್ಣೀರು, ಅಷ್ಟೇ ಮಾಡಿದೆವು. ನೇಯುವಾಗ ಎಳೆಗೆ ಹಚ್ಚಿದ್ದ ಹುಣಸೆ ಬೀಜದ ಗಂಜಿ ಕರಗಿ, ಕಂಬಳಿ ಸೋತ ಪೈಲ್ವಾನನಂತೆ ಜೋತುಬಿತ್ತು.

ಇನ್ನೆಲ್ಲಿ ರುಜು ಬಿದ್ದಿದೆ ಎಂದು ಹುಡುಕಲು ಕಿರಾಣಿ ಅಂಗಡಿಯಿಂದ ನೋಟು ಪರೀಕ್ಷಿಸುವ ನೇರಳೆ ದೀಪ ತಂದೆವು. ಕತ್ತಲಲ್ಲಿ ಅತಿನೇರಳೆ ಬೆಳಕಿಗೆ ಮೂತ್ರದ ಕಲೆ ಹಳದಿ-ಹಸಿರಾಗಿ ಹೊಳೆಯುತ್ತದೆ. ಸೋಪಿನ ಪುಡಿಯ ಕಲೆ ನೀಲಿಯಾಗಿ ಹೊಳೆಯುವುದರಿಂದ ಮೂಗನ್ನೂ ಜೊತೆಗಿಟ್ಟುಕೊಳ್ಳಬೇಕು. ಜೋಳದ ಚೀಲಗಳ ಸಾಲು, ಬಾಗಿಲ ತೋಳು, ಮಾವನ ಹಳೆ ಟ್ರಂಕು. “ಅಯ್ಯ, ಮನಿ ಪೂರಾ ತನ್ನ ಹೆಸರಿಗೆ ಬರಕೊಂಡೈತಲ್ಲೋ!” ಅತ್ತೆ ಬೆರಗಾದರು.

ಹಿತ್ತಲಲ್ಲಿ ಒಂದು ಹಳೆ ಬುಟ್ಟಿಗೆ ಒಣಗಿದ ಎರೆಮಣ್ಣು ಪುಡಿ ಮಾಡಿ ತುಂಬಿಟ್ಟೆವು. ಅಮೆರಿಕದ ಎಡ್ವರ್ಡ್ ಲೋ 1947ರಲ್ಲಿ ಬೆಕ್ಕಿನ ಪೆಟ್ಟಿಗೆಗೆಂದು ಒಣ ಜೇಡಿಯನ್ನು ಮಾರಿ ದೊಡ್ಡ ಉದ್ಯಮವನ್ನೇ ಕಟ್ಟಿದ. ಈಗ ಅದಕ್ಕೆ ಬಳಸುವ ಬೆಂಟೊನೈಟಿನಲ್ಲೂ ನಮ್ಮ ಎರೆಮಣ್ಣಿನಲ್ಲೂ ಒಂದೇ ಕುಲದ ಖನಿಜವಿದೆ. ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಬಿರಿಯುವ, ಅಮೋನಿಯಂ ಅನ್ನು ತನ್ನ ಪದರಗಳಲ್ಲಿ ಹಿಡಿದಿಡುವ ಜೇಡಿ. ಅಲ್ಲಿ ಕೊಂಡು ತರುವುದು ಇಲ್ಲಿ ಹೊಲದಲ್ಲೇ ಬಿದ್ದಿದೆ. ಬುಟ್ಟಿಯಿಂದ ರುಜು ನಿಲ್ಲುವುದಿಲ್ಲ. ಅದಕ್ಕೆ ಪಶುವೈದ್ಯರ ಕತ್ತರಿಯೇ ಬೇಕು. ಮತ್ತೆ, ಗಂಡು ಬೆಕ್ಕು ಪದೇ ಪದೇ ಕೂತು ತಿಣುಕಿ ಹನಿಯೂ ಬಾರದಿದ್ದರೆ ಅದು ಹಟವಲ್ಲ, ಮೂತ್ರನಾಳ ಕಟ್ಟಿಕೊಂಡಿದೆ. ಎರಡು-ಮೂರು ದಿನದಲ್ಲಿ ಸತ್ತೇ ಹೋಗಬಹುದು, ಅಂದೇ ಆಸ್ಪತ್ರೆಗೆ ಒಯ್ಯಬೇಕು.

ನಾತ ಹೋಯಿತೋ ಇಲ್ಲವೋ ಎಂಬುದು ಮೇ ತಿಂಗಳ ಒಣಬಿಸಿಲಲ್ಲಿ ಗೊತ್ತಾಗುವುದಿಲ್ಲ. ಎಳೆಯಲ್ಲಿ ಉಳಿದ ಲವಣ, ಫೆಲಿನೈನ್ ಒಣಗಿ ತೆಪ್ಪಗಿರುತ್ತವೆ. ಗಾಳಿಯಲ್ಲಿ ತೇವ ಬಂತೆಂದರೆ ಅದನ್ನು ಹೀರಿ ಮತ್ತೆ ಜೀವ ಪಡೆಯುತ್ತವೆ. ಮಿರಗದ ಮಳೆ ಬಿದ್ದ ಮರುದಿನ ಅತ್ತೆಯ ಫೋನು ಬಂತು. ಜಮಖಾನೆಗೆ ಮೂಗು ಹಚ್ಚಿ ನೋಡಿದ್ದರಂತೆ, ಏನೂ ಇಲ್ಲ.

“ಕಂಬಳಿ?”

“ಕಂಬಳಿ ಹೊಲದ ಗುಡಸಲಕ್ಕ ಕಳಿಸೀನಿ. ಅಲ್ಲಿ ಬೆಕ್ಕಿಲ್ಲ, ಕೇಳಾವ್ರೂ ಇಲ್ಲ.”