ತಿರುಪಿಗೆ ಮೊದಲು ಬೈರಿಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯು ಹಾಸುಗಲ್ಲಿಗೂ ಸಿಮೆಂಟಿಗೂ ಹೆಸರಾದುದು. ನೆಲ, ಗೋಡೆ, ಎಷ್ಟೋ ಮನೆಗಳಲ್ಲಿ ಮಾಳಿಗೆಯೂ ಕಲ್ಲಿನದೇ ಆಗಿರುವ ಈ ಪ್ರಾಂತದಲ್ಲಿ ಬಡಿಗನ ವಿದ್ಯೆಯನ್ನು ವಿಚಾರಿಸುವವರು ವಿರಳ. ಆದರೂ ಕಲ್ಲುಮನೆಗೂ ಕದ ಬೇಕು, ಕದಕ್ಕೆ ಬಿಜಾಗರಿ ಬೇಕು, ಆ ಬಿಜಾಗರಿಯು ವರ್ಷಾನುವರ್ಷ ಅಲುಗದೆ ನಿಲ್ಲಬೇಕಾದರೆ ಅದನ್ನು ಹಿಡಿದ ತಿರುಪುಮೊಳೆಗಳು ಮರದಲ್ಲಿ ಭದ್ರವಾಗಿ ಕೂತಿರಬೇಕು.

ತಿರುಪು ತನ್ನ ಸುರುಳಿಯಂಚನ್ನು ಮರದ ನಾರಿನೊಳಗೆ ಕೊರೆದು ಅದರ ಆಸರೆಯಲ್ಲೇ ನಿಲ್ಲುವುದರಿಂದ, ಬಿಗಿಯೆಲ್ಲ ನಾರಿನದೇ. ಆದಕಾರಣ ಬಲ್ಲ ಬಡಿಗನು ಮೊದಲು ಬೈರಿಗೆಯನ್ನೆತ್ತಿಕೊಂಡು, ಜಾಲಿಯಂಥ ಕಠಿನ ಮರಕ್ಕೆ ಸುರುಳಿಯನ್ನುಳಿದ ತಿರುಪಿನ ಒಡಲಿನಷ್ಟು, ಮೃದುವಾದ ಮರಕ್ಕೆ ಅದಕ್ಕಿಂತ ಕಿರಿದಾದ ರಂಧ್ರವನ್ನು ಕೊರೆದು, ಸುರುಳಿಗೆ ಮೇಣವನ್ನೋ ಸಾಬೂನನ್ನೋ ಸವರಿ ತಿರುಗಿಸುವನು. ಎರಡು ಹಲಗೆಗಳನ್ನು ಕೂಡಿಸುವಲ್ಲಿ ಮೇಲಿನದರ ರಂಧ್ರವು ತಿರುಪು ಸಲೀಸಾಗಿ ಜಾರುವಷ್ಟು ಅಗಲವಾಗಿರದಿದ್ದರೆ, ಸುರುಳಿಯು ಎರಡನ್ನೂ ಹಿಡಿದು, ನಡುವಣ ಸಂದು ಎಷ್ಟು ತಿರುಗಿಸಿದರೂ ಮುಚ್ಚದು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ಸಾಗಿದ ನಿಜಾಮರ ರೈಲುಮಾರ್ಗದಂಥ ದಾರಿಗಳಲ್ಲಿಯೂ, ಮರದ ಸ್ಲೀಪರುಗಳ ಕಾಲದಲ್ಲಿ, ಹಳಿ ಬಿಗಿಯುವ ಮುನ್ನ ಸ್ಲೀಪರಿಗೆ ರಂಧ್ರ ಕೊರೆಯುವುದೇ ಕ್ರಮವಾಗಿತ್ತು.

ಇಲ್ಲಿಯ ಹವೆಯೂ ಬಡಿಗನನ್ನು ಪರೀಕ್ಷಿಸುತ್ತದೆ. ಚಿಂಚೋಳಿಯ ಕಾಡಿನಂಚಿನಿಂದ ವಾಡಿಯವರೆಗೂ ವೈಶಾಖದ ಉಷ್ಣವು 40 ಡಿಗ್ರಿಯನ್ನು ಮೀರುವಾಗ ಹಲಗೆಯು ಅಡ್ಡಕ್ಕೆ ಕುಗ್ಗಿ, ಶ್ರಾವಣದ ತೇವಕ್ಕೆ ಹಿಗ್ಗುತ್ತದೆ. ಹಳೆಯ ಕದಗಳಲ್ಲಿ ನಡುಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಬಿಡಿಯಾಗಿ ಕೂರಿಸಿದ್ದು ಇದಕ್ಕಾಗಿಯೇ. ಅಗಲವಾದ ಹಲಗೆಗೆ ತಿರುಪು ಹಾಕಲೇಬೇಕಾದಲ್ಲಿ ರಂಧ್ರವನ್ನು ನೀಳವಾಗಿ ಕೊರೆಯುವುದುಂಟು. ಹಲಗೆಯ ತುದಿಯಲ್ಲಿ, ನಾರಿನ ಉದ್ದಕ್ಕೆ ಹೊಕ್ಕ ತಿರುಪಿಗೆ ಹಿಡಿತ ಕಡಿಮೆ; ಅಲ್ಲಿ ಗಟ್ಟಿಮರದ ಗೂಟವೊಂದನ್ನು ಅಡ್ಡಲಾಗಿ ಸೇರಿಸಿ, ತಿರುಪು ಅದನ್ನು ಹಾಯುವಂತೆ ಮಾಡುವರು.

ಪ್ಲೈವುಡ್ ತನ್ನ ಮುಖದಲ್ಲಿ ತಿರುಪನ್ನು ಚೆನ್ನಾಗಿ ಹಿಡಿದರೂ ಅಂಚಿನಲ್ಲಿ ಪದರ ಬಿಡುತ್ತದೆ. ಮರದ ಚೂರುಗಳನ್ನು ಅಂಟಿಸಿ ಒತ್ತಿದ ಪಾರ್ಟಿಕಲ್ ಬೋರ್ಡಿನಲ್ಲಿ ನೀಳವಾದ ನಾರೇ ಇಲ್ಲ. ಪದೇ ಪದೇ ಬಿಚ್ಚಿ ಕೂಡಿಸುವ ಮಂಚ, ಕಪಾಟುಗಳಿಗೆ ಹಿಂಬದಿಯಿಂದ ಹಲ್ಲೂರಿ ಕೂರುವ ಟೀ-ನಟ್ ಯುಕ್ತವಾದುದು, ಏಕೆಂದರೆ ಬೋಲ್ಟನ್ನು ಬಿಗಿದಷ್ಟೂ ಅದು ಹಲಗೆಗೆ ಕಚ್ಚುತ್ತದೆ. ಬಿಚ್ಚಿದ ತಿರುಪನ್ನು ಮರಳಿ ಹಾಕುವಾಗ ಮೊದಲು ಎಡಕ್ಕೆ ಮೆಲ್ಲನೆ ತಿರುಗಿಸಿ, ಹಳೆಯ ಗೆರೆಗೆ ಟಕ್ಕೆಂದು ಇಳಿದ ಮೇಲೆ ಬಲಕ್ಕೆ ಬಿಗಿಯುವುದು ಕೈಪಳಗಿದವರ ರೂಢಿ. ಇಲ್ಲವಾದರೆ ಹೊಸ ಗೆರೆ ಬಿದ್ದು ಎರಡೂ ಕೆಡುವುವು.

ಕದ ಮಾಡಿಸುವ ಗೃಹಸ್ಥರು ಮರದ ದರವನ್ನೂ ಬಿಜಾಗರಿಯ ಹೊಳಪನ್ನೂ ವಿಚಾರಿಸುವರು. ತಿರುಪನ್ನು ಸುತ್ತಿಗೆಯಿಂದ ಅರ್ಧ ಬಡಿದು ಉಳಿದರ್ಧವನ್ನಷ್ಟೇ ತಿರುಗಿಸಿದ ಅವಸರದ ಕೆಲಸವು ಮೊದಲ ವರ್ಷ ಅವರ ಕಣ್ಣಿಗೆ ಬೀಳದು. ಕೂಲಿ ಗೊತ್ತುಮಾಡುವಾಗ ಬೈರಿಗೆಗೆ ಹಿಡಿಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸುವವರು, ಮೂರನೆಯ ಮಳೆಗಾಲಕ್ಕೆ ಜೋತುಬಿದ್ದ ಕದಕ್ಕಾಗಿ ಬಡಿಗನನ್ನು ಮತ್ತೆ ಕರೆಸಬೇಕಾಗಿ ಬರುವುದು ಅಪರೂಪ.