ಗಂಡು ಗಪ್ಪಿಯ ಮೈಮೇಲಿನ ಚುಕ್ಕೆ

ಮಲೇರಿಯಾ ಹತೋಟಿಗೆಂದು ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಬಿಟ್ಟ ಮೀನುಗಳಲ್ಲಿ ಗಪ್ಪಿಯೂ ಒಂದು. ಸೊಳ್ಳೆಮರಿಗಳನ್ನು ತಿಂದು ಖಾಲಿ ಮಾಡಲಿ ಎಂದು ಕೆರೆ, ಕುಂಟೆ, ಸಿಮೆಂಟ್ ತೊಟ್ಟಿಗಳಿಗೂ ಇದು ಬಂದು ಸೇರಿತು. ಮನೆಯಲ್ಲಿ ಮೊದಲ ಸಲ ಮೀನು ಸಾಕಲು ಹೊರಟವರ ಕೈಗೆ ಅಕ್ವೇರಿಯಂ ಅಂಗಡಿಯವರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವ ಅಗ್ಗದ ಮೀನೂ ಇದೇ. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ, ಕೊಳಕು ನೀರಿಗೂ ಹೊಂದಿಕೊಳ್ಳುತ್ತದೆ, ನೋಡನೋಡುತ್ತ ತೊಟ್ಟಿ ತುಂಬಿಬಿಡುತ್ತದೆ. ಹೊರಗಿನಿಂದ ಬಂದ ಈ ಮೀನು ನಮ್ಮ ಹಳ್ಳಕೊಳ್ಳಗಳ ಮೂಲ ಮೀನುಗಳಿಗೆ ಕುತ್ತು ತರುತ್ತದೆ ಎಂಬ ತಕರಾರೂ ಇದೆ. ಅದು ಬೇರೆಯೇ ಕತೆ.

ಇಷ್ಟು ಸಾಮಾನ್ಯವಾದ ಮೀನಿಗೆ ವಿಕಾಸವಾದದ ಪಠ್ಯಗಳಲ್ಲಿ ಖಾಯಂ ಜಾಗ ಸಿಕ್ಕಿದ್ದು ಗಂಡಿನ ಮೈಬಣ್ಣದಿಂದ.

ಅಂಗಡಿಯಲ್ಲಿ ಕಾಣುವ ಅಗಲ ಬಾಲದ, ಇಡೀ ಮೈಗೆ ಒಂದೇ ಬಣ್ಣ ಬಳಿದಂತಿರುವ ಗಪ್ಪಿಗಳು ಸಾಕುವವರು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿಗಳು. ಕಾಡಿನ ತೊರೆಯ ಗಂಡು ಬೇರೆ ಥರ. ಬಾಲ ಸೇರಿಸಿದರೂ ಮೂರು ಸೆಂಟಿಮೀಟರ್ ಆಸುಪಾಸಿನ ಆ ಪುಟ್ಟ ಮೈಯಲ್ಲಿ ಕಿವಿರಿನ ಹಿಂದೊಂದು ಕೇಸರಿ ಮಚ್ಚೆ, ಅದರ ಪಕ್ಕದಲ್ಲೊಂದು ಕಪ್ಪು ಚುಕ್ಕೆ, ಬಾಲದ ಬುಡದಲ್ಲಿ ಹೊರಳಿದಾಗಷ್ಟೇ ಮಿಂಚುವ ನೀಲಿ ಗೀರು, ಬೆನ್ನ ಮೇಲೆ ಹಳದಿಯ ಛಾಯೆ. ಪಕ್ಕದ ಗಂಡಿನ ಮೇಲೆ ಇವೇ ಬಣ್ಣಗಳಿರಬಹುದು, ಆದರೆ ಜಾಗ ಬೇರೆ, ಅಳತೆ ಬೇರೆ, ಆಕಾರ ಬೇರೆ. ಒಂದೇ ಗುಂಡಿಯಲ್ಲಿ ನೂರು ಗಂಡುಗಳನ್ನು ಹಿಡಿದರೂ ಒಂದನ್ನೊಂದು ಪೂರ್ತಿ ಹೋಲುವ ಜೋಡಿ ಸಿಗುವುದು ಕಷ್ಟ. ಗಂಡಿಗಿಂತ ದೊಡ್ಡದಾದ ಹೆಣ್ಣಿಗೆ ಮಾತ್ರ ಮಾಸಲು ಮಣ್ಣಿನ ಬಣ್ಣ. ಈ ಚುಕ್ಕೆಗಳು ಬಹುಪಾಲು ಅಪ್ಪನಿಂದ ಮಗನಿಗೆ ವೈ ವರ್ಣತಂತುವಿನ ಮೂಲಕ ಇಳಿದು ಬರುತ್ತವೆ ಎಂಬುದನ್ನು ಡೆನ್ಮಾರ್ಕಿನ ಯೋಹಾನೆಸ್ ಷ್ಮಿಟ್ ಮತ್ತು ಓಯ್ವಿನ್ ವಿಂಗೆ 1920ರ ದಶಕದಲ್ಲೇ ತೋರಿಸಿಕೊಟ್ಟಿದ್ದರು.

ಗಪ್ಪಿಯ ತವರು ವೆನೆಜುವೆಲಾ, ಟ್ರಿನಿಡಾಡ್ ಮತ್ತು ಅವುಗಳ ನೆರೆಯ ಸೀಮೆ. ಟ್ರಿನಿಡಾಡ್ ದ್ವೀಪದ ಉತ್ತರಕ್ಕೆ ಅಡ್ಡಲಾಗಿ ಒಂದು ಬೆಟ್ಟಸಾಲು ಹಬ್ಬಿದೆ. ಅಲ್ಲಿಂದ ದಕ್ಷಿಣಕ್ಕಿಳಿಯುವ ಅರಿಪೊ, ಗ್ವಾನಪೊ, ಅರಿಮಾದಂಥ ತೊರೆಗಳು ದಾರಿಯುದ್ದಕ್ಕೂ ಸಣ್ಣ ದೊಡ್ಡ ಜಲಪಾತಗಳಾಗಿ ಧುಮುಕುತ್ತವೆ. ಗಪ್ಪಿಗಳು ಹೇಗೋ ಜಲಪಾತದ ಮೇಲಿನ ನೀರಿಗೂ ತಲುಪಿವೆ. ಅವನ್ನು ಬೇಟೆಯಾಡುವ ದೊಡ್ಡ ಮೀನುಗಳಿಗೆ ಅದು ಸಾಧ್ಯವಾಗಿಲ್ಲ. ಹೀಗಾಗಿ ಕೆಳಗಿನ ಗುಂಡಿಗಳಲ್ಲಿ ಪೈಕ್ ಸಿಕ್ಲಿಡ್ ಎಂಬ ಹೊಂಚುಬೇಟೆಗಾರ ಮೀನಿನ ಕಾಟ. ಮೇಲಿನ ಗುಂಡಿಗಳಲ್ಲಿ ಇರುವುದು ರಿವ್ಯುಲಸ್ ಎಂಬ ಸಣ್ಣ ಮೀನು ಮಾತ್ರ, ಅದು ತಿಂದರೂ ಹೆಚ್ಚಾಗಿ ಮರಿಗಪ್ಪಿಗಳನ್ನು ತಿನ್ನುತ್ತದೆ. ಒಂದೇ ತೊರೆ, ಒಂದೇ ಜಾತಿಯ ಮೀನು, ನಡುವೆ ಒಂದು ಜಲಪಾತ. ಪ್ರಯೋಗಾಲಯದಲ್ಲಿ ಇಂಥ ಏರ್ಪಾಟು ಮಾಡಬೇಕೆಂದರೆ ಎಷ್ಟು ಖರ್ಚಾಗುತ್ತಿತ್ತೋ! ಇಲ್ಲಿ ಅದು ಒಂದಲ್ಲ, ತೊರೆತೊರೆಗೂ ಬಿಟ್ಟಿಯಾಗಿ ಸಿಕ್ಕಿತು.

ಜಲಪಾತದ ಮೇಲಿನ ಗಂಡುಗಳು ಬಣ್ಣಬಣ್ಣವಾಗಿಯೂ ಕೆಳಗಿನವು ಮಂಕಾಗಿಯೂ ಇರುವುದನ್ನು ಮೊದಲು ಗಮನಿಸಿ ಬರೆದವರು ಅಮೆರಿಕದ ಕ್ಯಾರಿಲ್ ಹ್ಯಾಸ್ಕಿನ್ಸ್ ಮತ್ತು ಅವರ ಪತ್ನಿ ಎಡ್ನಾ. ಅವರು ಅಲ್ಲಿ ಓಡಾಡಿದ್ದು 1950ರ ದಶಕದಲ್ಲಿ. ಕಾರಣ ಊಹಿಸುವುದು ಕಷ್ಟವೇನಲ್ಲ. ಹೆಣ್ಣಿನ ಕಣ್ಣಿಗೆ ಬೀಳಬೇಕಾದರೆ ಗಂಡಿಗೆ ಬಣ್ಣ ಬೇಕು. ಅದೇ ಬಣ್ಣ ಬೇಟೆಗಾರನ ಕಣ್ಣಿಗೂ ಬೀಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ. ಆದರೆ ಇದು ಊಹೆ. ಮೇಲಿನ ನೀರು, ಕೆಳಗಿನ ನೀರು ಎಂದರೆ ಬಿಸಿಲು, ಆಹಾರ, ತಳದ ಕಲ್ಲು ಎಲ್ಲವೂ ಬೇರೆ ಬೇರೆ. ಬಣ್ಣಕ್ಕೆ ಕಾರಣ ಬೇಟೆಗಾರ ಮೀನೇ ಎಂದು ಹೇಳುವುದು ಹೇಗೆ?

ಜೀವಶಾಸ್ತ್ರಜ್ಞ ಜಾನ್ ಎಂಡ್ಲರ್ ಇದಕ್ಕೆ ಎರಡು ದಾರಿ ಹಿಡಿದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಒಂದು ಗಾಜಿನ ಮನೆಯಲ್ಲಿ ಹತ್ತು ಕೊಳ ಕಟ್ಟಿಸಿ, ತಳಕ್ಕೆ ಬಣ್ಣದ ಜಲ್ಲಿ ಹಾಸಿದರು. ಕೆಲವಕ್ಕೆ ದಪ್ಪ ಜಲ್ಲಿ, ಕೆಲವಕ್ಕೆ ಸಣ್ಣದು. ಬೇರೆ ಬೇರೆ ತೊರೆಗಳ ಗಪ್ಪಿಗಳನ್ನು ಬೆರೆಸಿ ಎಲ್ಲ ಕೊಳಗಳಿಗೂ ಬಿಟ್ಟರು. ಅವು ಹೆಚ್ಚಿಕೊಂಡ ಮೇಲೆ ನಾಲ್ಕು ಕೊಳಗಳಿಗೆ ಪೈಕ್ ಸಿಕ್ಲಿಡ್, ನಾಲ್ಕಕ್ಕೆ ರಿವ್ಯುಲಸ್ ಬಿಟ್ಟು, ಎರಡನ್ನು ಹಾಗೆಯೇ ಉಳಿಸಿದರು. ಪೈಕ್ ಸಿಕ್ಲಿಡ್ ಇದ್ದ ಕೊಳಗಳಲ್ಲಿ ತಲೆಮಾರು ಕಳೆದಂತೆ ಗಂಡುಗಳ ಚುಕ್ಕೆ ಕಡಿಮೆಯಾದವು, ಚಿಕ್ಕವಾದವು. ಉಳಿದ ಕೊಳಗಳಲ್ಲಿ ಹೆಚ್ಚಿದವು.

ಇದಕ್ಕಿಂತ ಕುತೂಹಲದ ಸಂಗತಿ ಜಲ್ಲಿಯದ್ದು. ಬೇಟೆಗಾರನಿದ್ದ ಕಡೆ ಉಳಿದುಕೊಂಡ ಚುಕ್ಕೆಗಳ ಅಳತೆ ತಳದ ಜಲ್ಲಿಯ ಅಳತೆಯತ್ತ ಸರಿಯಿತು: ದಪ್ಪ ಜಲ್ಲಿಯ ಮೇಲೆ ದೊಡ್ಡ ಚುಕ್ಕೆ, ಸಣ್ಣ ಜಲ್ಲಿಯ ಮೇಲೆ ಸಣ್ಣ ಚುಕ್ಕೆ. ಅಂಥ ಮೀನು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಬೇಟೆಗಾರನಿಲ್ಲದ ಕಡೆ ಇದರ ತಿರುವುಮುರುವು, ಚುಕ್ಕೆ ಜಲ್ಲಿಗೆ ಹೊಂದದಂತೆ ಎದ್ದುಕಾಣುವ ಅಳತೆಗೆ ಹೋಯಿತು. ಜಲ್ಲಿಗೆ ಹೊಂದದ ಗಂಡೇ ಹೆಣ್ಣಿಗೆ ಚೆನ್ನಾಗಿ ಕಾಣುತ್ತದಲ್ಲ.

ಎರಡನೆಯ ದಾರಿ ಕಾಡಿನಲ್ಲೇ ಆಯಿತು. ಅರಿಪೊ ನದಿಯ ಒಂದು ಉಪತೊರೆಯಲ್ಲಿ ಜಲಪಾತದ ಮೇಲೆ ರಿವ್ಯುಲಸ್ ಇತ್ತು, ಗಪ್ಪಿ ಇರಲಿಲ್ಲ. 1976ರಲ್ಲಿ ಎಂಡ್ಲರ್ ಕೆಳಗಿನ ಅಪಾಯದ ನೀರಿನಿಂದ ಸುಮಾರು 200 ಗಪ್ಪಿಗಳನ್ನು ತಂದು ಅಲ್ಲಿಗೆ ಬಿಟ್ಟರು. 1978ರಲ್ಲಿ ಹೋಗಿ ನೋಡುವಷ್ಟರಲ್ಲಿ ಸುಮಾರು 15 ತಲೆಮಾರು ಕಳೆದಿತ್ತು. ಗಂಡುಗಳ ಚುಕ್ಕೆ ಹೆಚ್ಚಿದ್ದವು, ದೊಡ್ಡವಾಗಿದ್ದವು, ಬಣ್ಣಗಳ ವೈವಿಧ್ಯವೂ ಏರಿತ್ತು. ಎರಡೂ ಪ್ರಯೋಗಗಳ ವರದಿ 1980ರಲ್ಲಿ ಪ್ರಕಟವಾಯಿತು. ವಿಕಾಸವೆಂದರೆ ಲಕ್ಷಾಂತರ ವರ್ಷಗಳ ಬಾಬತ್ತು, ಪಳೆಯುಳಿಕೆಗಳಲ್ಲಷ್ಟೇ ಓದಬೇಕಾದದ್ದು ಎಂದುಕೊಂಡಿದ್ದವರಿಗೆ ಎರಡು ವರ್ಷದ ಈ ಲೆಕ್ಕ ಸಣ್ಣ ಆಘಾತವೇ ಆಗಿತ್ತು. ಇಂಥದೇ ಸ್ಥಳಾಂತರಗಳಿಂದ ಡೇವಿಡ್ ರೆಜ್ನಿಕ್ ಮುಂದೆ, ಪ್ರಾಯಕ್ಕೆ ಬರುವ ವಯಸ್ಸು, ಹಾಕುವ ಮರಿಗಳ ಸಂಖ್ಯೆ ಕೂಡ ಬೇಟೆಗಾರನಿಗೆ ತಕ್ಕಂತೆ ಬದಲಾಗುತ್ತವೆಂದು ತೋರಿಸಿದರು.

ಅದಿರಲಿ, ಹೆಣ್ಣಿಗೆ ಕೇಸರಿಯ ಮೇಲೇಕೆ ಅಷ್ಟು ಮೋಹ? ಒಂದು ಉತ್ತರ ಹೊಟ್ಟೆಯದ್ದು. ಕೇಸರಿ ಮಚ್ಚೆಯಲ್ಲಿ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯವಿದೆ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಗುಂಪಿನದೇ ಇದು. ಇದನ್ನು ಮೀನು ತಾನಾಗಿ ತಯಾರಿಸಲಾರದು, ಮುಖ್ಯವಾಗಿ ಪಾಚಿ ತಿಂದೇ ಪಡೆಯಬೇಕು. ದಟ್ಟ ಮರಗಳ ನೆರಳಿನ ತೊರೆಯಲ್ಲಿ ಬಿಸಿಲು ಕಡಿಮೆ, ಹಾಗಾಗಿ ಪಾಚಿಯೂ ಕಡಿಮೆ. ಅಲ್ಲಿ ಗಾಢ ಕೇಸರಿ ಹೊತ್ತ ಗಂಡು ಮೇವು ಹುಡುಕುವುದರಲ್ಲಿ ಗಟ್ಟಿಗ ಎಂದು ಹೆಣ್ಣು ಲೆಕ್ಕ ಹಾಕಬಹುದು. ಆದರೆ ಗಂಡಿನ ಬಳಿ ಇನ್ನೊಂದು ಕೆಂಪು ದ್ರವ್ಯವೂ ಇದೆ, ಡ್ರೊಸಾಪ್ಟೆರಿನ್. ಅದನ್ನು ಮೈಯೊಳಗೇ ತಯಾರಿಸಿಕೊಳ್ಳಬಹುದು. ಪಾಚಿ ಕಡಿಮೆಯಿರುವ ತೊರೆಯ ಗಂಡುಗಳು ಕೊರತೆ ತುಂಬಲು ಇದನ್ನು ಹೆಚ್ಚು ಬಳಸುತ್ತವೆಂದು ಯಾರಾದರೂ ಅಂದುಕೊಳ್ಳುತ್ತಾರೆ. ಗ್ರೆಗರಿ ಗ್ರೆದರ್ ಮತ್ತು ಸಂಗಡಿಗರು ಅಳೆದಾಗ ಕಂಡದ್ದು ಇದಕ್ಕೆ ವಿರುದ್ಧ: ಪಾಚಿ ಹೇರಳವಾಗಿರುವ ತೊರೆಗಳ ಗಂಡುಗಳೇ ಡ್ರೊಸಾಪ್ಟೆರಿನನ್ನೂ ಹೆಚ್ಚು ತಯಾರಿಸುತ್ತಿದ್ದವು. ಕ್ಯಾರೊಟಿನಾಯ್ಡ್ ಒಂದೇ ಹೆಚ್ಚಿದರೆ ಮಚ್ಚೆ ಹಳದಿಗೆ ತಿರುಗುತ್ತದೆ, ಡ್ರೊಸಾಪ್ಟೆರಿನ್ ಒಂದೇ ಹೆಚ್ಚಿದರೆ ಕೆಂಪಿಗೆ. ಹೆಣ್ಣಿಗೆ ಬೇಕಾದ್ದು ನಡುವಿನ ಒಂದು ನಿರ್ದಿಷ್ಟ ಕೇಸರಿ. ಗಂಡುಗಳು ಎರಡರ ಪ್ರಮಾಣವನ್ನು ಕಾಯ್ದುಕೊಂಡು ಆ ಛಾಯೆಯನ್ನು ಹಿಡಿದಿಟ್ಟುಕೊಂಡಿವೆ.

ಇನ್ನೊಂದು ಉತ್ತರ ಮರದ ಮೇಲಿನಿಂದ ಬೀಳುತ್ತದೆ. ಟ್ರಿನಿಡಾಡಿನ ತೊರೆಗಳಿಗೆ ಆಗಾಗ ಕೇಸರಿ ಬಣ್ಣದ ಕಾಡುಹಣ್ಣುಗಳು ಉದುರುತ್ತವೆ. ಬಿದ್ದದ್ದೇ ತಡ, ಗಪ್ಪಿಗಳು ಮುತ್ತಿಕೊಂಡು ತಿನ್ನುತ್ತವೆ. ಹೆಲೆನ್ ರಾಡ್ ಮತ್ತು ಸಂಗಡಿಗರು ನೀರಿನೊಳಗೆ ಬೇರೆ ಬೇರೆ ಬಣ್ಣದ ಪುಟ್ಟ ಬಿಲ್ಲೆಗಳನ್ನಿಟ್ಟು ನೋಡಿದರು. ಗಪ್ಪಿಗಳು ಕೇಸರಿ ಬಿಲ್ಲೆಯನ್ನೇ ಹೆಚ್ಚು ಕುಕ್ಕಿದವು, ಗಂಡುಗಳೂ ಸೇರಿ. ಯಾವ ತೊರೆಯ ಗಪ್ಪಿಗಳಿಗೆ ಕೇಸರಿ ಬಿಲ್ಲೆಯ ಆಸೆ ಹೆಚ್ಚೋ ಆ ತೊರೆಯ ಹೆಣ್ಣುಗಳಿಗೆ ಕೇಸರಿ ಗಂಡಿನ ಆಸೆಯೂ ಹೆಚ್ಚು ಎಂದು 2002ರಲ್ಲಿ ಅವರು ವರದಿ ಮಾಡಿದರು. ಅಂದರೆ ಮೋಹ ಮೊದಲು ಹಣ್ಣಿನ ಮೇಲೆ ಇದ್ದಿರಬಹುದು, ಗಂಡು ಆಮೇಲೆ ಅದರ ಲಾಭ ಪಡೆದಿರಬಹುದು. ಎರಡು ಉತ್ತರಗಳಲ್ಲಿ ಒಂದು ಸರಿಯಾದರೆ ಇನ್ನೊಂದು ತಪ್ಪಾಗಬೇಕಿಲ್ಲ.

ಇಷ್ಟೆಲ್ಲ ಹೇಳಿದರೂ ನಿಜವಾದ ಒಗಟು ಹಾಗೇ ಉಳಿಯುತ್ತದೆ. ಎಂಡ್ಲರ್ ಕತೆಯನ್ನು ಮೆಚ್ಚಿ ಹೇಳುವ ಅನೇಕರು ಇದನ್ನು ದಾಟಿ ಹೋಗುತ್ತಾರೆ. ಒಂದು ಗುಂಡಿಗೆ ಒಂದು ‘ಉತ್ತಮ’ ವಿನ್ಯಾಸ ಇದ್ದರೆ, ಆಯ್ಕೆ ನಡೆದು ನಡೆದು ಎಲ್ಲ ಗಂಡುಗಳೂ ಒಂದೇ ರೂಪಕ್ಕೆ ಬಂದು ನಿಲ್ಲಬೇಕಿತ್ತು. ಬಂದಿಲ್ಲ. ಪ್ರತಿ ಗಂಡೂ ಬೇರೆಯಾಗಿಯೇ ಉಳಿದಿದೆ. ಯಾಕೆ?

ರಾಬರ್ಟ್ ಓಲೆನ್ಡಾರ್ಫ್, ಕಿಂಬರ್ಲಿ ಹ್ಯೂಸ್ ಮತ್ತಿತರರು ಟ್ರಿನಿಡಾಡಿನ ತೊರೆಗಳಲ್ಲೇ ಇದನ್ನು ಪರೀಕ್ಷಿಸಿದರು. ಗುಂಡಿಗಳಲ್ಲಿದ್ದ ಗಂಡುಗಳನ್ನು ಹಿಡಿದು ಬಾಲದ ವಿನ್ಯಾಸದ ಮೇಲೆ ವಿಂಗಡಿಸಿದರು. ಮತ್ತೆ ಬಿಡುವಾಗ ಕೆಲವು ಗುಂಡಿಗಳಲ್ಲಿ ಒಂದು ವಿನ್ಯಾಸ ಅಪರೂಪವಾಗುವಂತೆ, ಬೇರೆ ಗುಂಡಿಗಳಲ್ಲಿ ಅದೇ ವಿನ್ಯಾಸ ಸರ್ವೇಸಾಮಾನ್ಯವಾಗುವಂತೆ ಪ್ರಮಾಣ ಬದಲಿಸಿದರು. ಕೆಲವು ದಿನ ಬಿಟ್ಟು ಬದುಕುಳಿದವನ್ನು ಎಣಿಸಿದರೆ, ವಿನ್ಯಾಸ ಯಾವುದೇ ಇರಲಿ, ಆ ಗುಂಡಿಯಲ್ಲಿ ಯಾವುದು ಅಪರೂಪವೋ ಅದೇ ಹೆಚ್ಚು ಉಳಿದಿತ್ತು. 2006ರ ಈ ಫಲಿತಾಂಶಕ್ಕೆ ಸಿಗುವ ಸರಳ ವಿವರಣೆ ಬೇಟೆಗಾರನ ತಲೆಯೊಳಗಿದೆ. ಪದೇ ಪದೇ ಕಂಡ ರೂಪಕ್ಕೆ ಅದರ ಕಣ್ಣು ಪಳಗುತ್ತದೆ, ಹೊಸ ರೂಪ ತಪ್ಪಿಸಿಕೊಳ್ಳುತ್ತದೆ. ಹೆಣ್ಣಿನ ಕಡೆಯಿಂದಲೂ ಇದಕ್ಕೆ ಬೆಂಬಲವಿದೆ. ದಿನಾ ನೋಡಿದ ಗಂಡಿಗಿಂತ ಕಾಣದ ಗಂಡೇ ಅದಕ್ಕೆ ಇಷ್ಟ. ಅಪರೂಪದ ವಿನ್ಯಾಸದ ಗಂಡುಗಳಿಗೆ ಕಾಡಿನಲ್ಲೂ ಹೆಚ್ಚು ಸಂಗಾತಿಗಳು, ಹೆಚ್ಚು ಮರಿಗಳು ಎಂದು ಹ್ಯೂಸ್ ತಂಡ 2013ರಲ್ಲಿ ತೋರಿಸಿತು. ಆದರೆ ಮರಿಗಳು ಹೆಚ್ಚಿದರೆ ಆ ರೂಪ ಸಾಮಾನ್ಯವಾಗುತ್ತದೆ, ಅದರ ಅದೃಷ್ಟ ಮುಗಿಯುತ್ತದೆ, ಸರದಿ ಇನ್ನೊಂದಕ್ಕೆ ಹೋಗುತ್ತದೆ. ಬಣ್ಣಗಳು ಒಂದಕ್ಕೊಂದು ಜಾಗ ಬಿಟ್ಟುಕೊಡುತ್ತ ಎಲ್ಲವೂ ಉಳಿಯುತ್ತವೆ.

ಗಪ್ಪಿಯಲ್ಲಿ ಇಷ್ಟು ಬಣ್ಣವಿದ್ದರೂ ಜಾತಿ ಒಂದೇ. ಬಣ್ಣವೇ ಜಾತಿಯನ್ನು ಒಡೆಯುವುದನ್ನು ನೋಡಬೇಕಾದರೆ ಆಫ್ರಿಕದ ವಿಕ್ಟೋರಿಯಾ ಸರೋವರಕ್ಕೆ ಹೋಗಬೇಕು. ಸುಮಾರು 15,000 ವರ್ಷಗಳ ಹಿಂದೆ ಈ ಸರೋವರ ಒಣಗಿತ್ತೆಂದು ಅದರ ತಳದ ಕೆಸರಿನ ಪದರಗಳು ಹೇಳುತ್ತವೆ. ನೀರು ಮತ್ತೆ ತುಂಬಿದ ಮೇಲೆ ಸಿಕ್ಲಿಡ್ ಮೀನುಗಳು ಇಲ್ಲಿ ಸುಮಾರು 500 ಜಾತಿಗಳಾಗಿ ಕವಲೊಡೆದವು. ತಾಂಜಾನಿಯಾದ ಮ್ವಾಂಜಾ ಕೊಲ್ಲಿಯ ಕಲ್ಲುದಂಡೆಗಳಲ್ಲಿ ಪುಂಡಮಿಲಿಯ ಕುಲದ ಎರಡು ಜಾತಿಗಳು ಒಟ್ಟಿಗೇ ಇವೆ. ಒಂದರ ಗಂಡು ನೀಲಿ ಬೂದು; ಇನ್ನೊಂದರದು ಕೆಂಪು ಬೆನ್ನು, ಹಳದಿ ಪಕ್ಕೆ. ಈ ಕೆಂಪು ಜಾತಿಗೆ ತಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರ ಹೆಸರು.

ಸಮುದ್ರದಲ್ಲಿ ಆಳಕ್ಕಿಳಿದಷ್ಟೂ ನೀಲಿ ಬೆಳಕು ಉಳಿಯುತ್ತದೆ. ವಿಕ್ಟೋರಿಯಾದಲ್ಲಿ ಹಾಗಲ್ಲ. ನೀರಿನಲ್ಲಿ ತೇಲುವ ಕಣಗಳು ನೀಲಿಯನ್ನು ಬೇಗ ನುಂಗುವುದರಿಂದ ಕೆಳಗೆ ಕೆಂಪು-ಕೇಸರಿ ಬೆಳಕೇ ಹೆಚ್ಚು. ನೀಲಿ ಗಂಡುಗಳು ಮೇಲ್ಮಟ್ಟದಲ್ಲಿಯೂ ಕೆಂಪು ಗಂಡುಗಳು ಇನ್ನಷ್ಟು ಆಳದಲ್ಲಿಯೂ ಇರುತ್ತವೆ. ಕಣ್ಣಿನಲ್ಲಿರುವ ಬೆಳಕು ಹಿಡಿಯುವ ಪ್ರೋಟೀನಿನ ಜೀನ್ ಕೂಡ ಎರಡರಲ್ಲಿ ಬೇರೆ: ಆಳದ ಮೀನಿನ ಕಣ್ಣು ಕೆಂಪಿನತ್ತ ವಾಲಿದೆ. ಕೆಂಪು ಚೆನ್ನಾಗಿ ಕಾಣುವ ಹೆಣ್ಣು ಕೆಂಪು ಗಂಡನ್ನು ಆರಿಸಿಕೊಂಡಿತು, ನೀಲಿ ಕಾಣುವ ಹೆಣ್ಣು ನೀಲಿಯನ್ನು. ಬೇರೆ ತಡೆಗೋಡೆ ಇಲ್ಲದೆಯೇ ಒಂದು ಜಾತಿ ಎರಡಾಯಿತು. ಓಲೆ ಸೀಹೌಸೆನ್ ಮತ್ತು ಸಂಗಡಿಗರು 2008ರಲ್ಲಿ ಮುಂದಿಟ್ಟ ಈ ವಿವರಣೆಗೆ 2017ರಲ್ಲಿ ಇನ್ನೊಂದು ಎಳೆ ಸೇರಿತು. ಕಣ್ಣಿನ ಜೀನಿನ ಈ ಎರಡು ರೂಪಗಳು ಸರೋವರ ತುಂಬುವುದಕ್ಕಿಂತ ಬಹಳ ಹಿಂದೆ ಎರಡು ಬೇರೆ ನದೀಮೂಲದ ಸಿಕ್ಲಿಡ್‌ಗಳಿಂದ ಬಂದು ಬೆರೆತಿದ್ದವು. ಹೊಸ ಜೀನ್ ಹುಟ್ಟಲಿ ಎಂದು ಕಾಯುವ ಅಗತ್ಯ ಇರಲಿಲ್ಲ, ಹಳೆಯ ಗಂಟೇ ಕೈಯಲ್ಲಿತ್ತು.

ಇಂಥ ಗಡಿ ಎಷ್ಟು ಸೂಕ್ಷ್ಮವೆಂದು ಸೀಹೌಸೆನ್ ಇದಕ್ಕೂ ಮೊದಲೇ, 1997ರಲ್ಲಿ ತೋರಿಸಿದ್ದರು. ಪ್ರಯೋಗಾಲಯದ ತೊಟ್ಟಿಗೆ ಪೂರ್ಣ ಬೆಳಕು ಬಿಟ್ಟಾಗ ಹೆಣ್ಣುಗಳು ತಮ್ಮ ಜಾತಿಯ ಗಂಡನ್ನೇ ಆರಿಸಿದವು. ಕೆಂಪು, ನೀಲಿಯ ಭೇದ ಅಳಿಸುವ ಕೇಸರಿ ಬೆಳಕು ಹಾಕಿದೊಡನೆ ಆ ಆಯ್ಕೆ ಕುಸಿಯಿತು. ಸರೋವರದಲ್ಲೂ ಹೀಗೆಯೇ ಇದೆ. ನೀರು ತಿಳಿಯಾಗಿರುವ ಮಕೋಬೆ ದ್ವೀಪದ ಸುತ್ತ ಕೆಂಪು, ನೀಲಿ ಸ್ಪಷ್ಟವಾಗಿ ಎರಡು ಜಾತಿಗಳು. ಕೊಲ್ಲಿಯೊಳಗೆ ಸರಿದಂತೆ ನೀರು ಕದಡುತ್ತದೆ, ನಡುಬಣ್ಣದ ಮಿಶ್ರ ಮೀನುಗಳು ಸೇರಿಕೊಳ್ಳುತ್ತವೆ. ರಾಡಿ ನೀರಿನ ಲುವಾನ್ಸೊ ದ್ವೀಪದ ಬಳಿ ಎರಡು ಜಾತಿಗಳೆಂದು ಬೇರ್ಪಡಿಸಲು ಬರುವುದೇ ಇಲ್ಲ. ಕಾಡು ಕಡಿದ ದಂಡೆಗಳಿಂದ ಕೊಚ್ಚಿ ಬರುವ ಮಣ್ಣು, ಹೊಲಗದ್ದೆ ಮತ್ತು ಊರುಗಳಿಂದ ಹರಿದು ಬರುವ ಪೋಷಕಾಂಶಗಳು, ಅವನ್ನು ಉಂಡು ಬೆಳೆಯುವ ಪಾಚಿ, ಇಷ್ಟು ಸೇರಿ ವಿಕ್ಟೋರಿಯಾದ ನೀರನ್ನು ಕಳೆದ ಶತಮಾನದಲ್ಲಿ ಮಬ್ಬಾಗಿಸಿವೆ. 1950ರ ದಶಕದಲ್ಲಿ ತಂದು ಬಿಟ್ಟ ನೈಲ್ ಪರ್ಚ್ ಎಂಬ ದೊಡ್ಡ ಮೀನು ಸಿಕ್ಲಿಡ್‌ಗಳ ಅನೇಕ ಜಾತಿಗಳನ್ನು ತಿಂದು ಮುಗಿಸಿದ್ದು ಎಲ್ಲರಿಗೂ ಗೊತ್ತಾಯಿತು. ಯಾರೂ ತಿನ್ನದೆ, ಬರೀ ಕಣ್ಣು ಕಾಣದ್ದರಿಂದ ಜಾತಿಗಳು ಒಂದರಲ್ಲೊಂದು ಬೆರೆತು ಕಳೆದುಹೋಗುತ್ತಿರುವುದು ಅಷ್ಟಾಗಿ ಸುದ್ದಿಯಾಗಲಿಲ್ಲ.