ಆಗಸದ ಉದ್ಯೋಗ, ನೆಲದ ಕಸುಬು

ವಿಮಾನವೆಂದೊಡನೆ ನಮ್ಮ ಹುತ್ತೂರಿನಂಥ ಊರುಗಳ ತರುಣರಿಗೆ ನೆನಪಾಗುವವರು ಪೈಲಟ್, ಗಗನಸಖಿ ಇಬ್ಬರೇ. ಆದರೆ ವಿಮಾನ ಮೇಲೇರಬೇಕಾದರೆ ಯಂತ್ರವನ್ನು ಪರೀಕ್ಷಿಸಿ ರುಜು ಹಾಕುವ ಇಂಜಿನಿಯರು, ಸಾಮಾನಿನ ತೂಕವನ್ನು ಸಮನಾಗಿ ಹಂಚುವವರು, ಹವೆಯನ್ನು ನೋಡಿ ಮಾರ್ಗವನ್ನು ಗೊತ್ತುಮಾಡುವವರು, ಎಲ್ಲರೂ ಬೇಕು.

ಈ ಉದ್ಯಮದೊಳಗಣ ದಾರಿ ನೇರವಾದುದಲ್ಲ. ಕ್ಯಾಪ್ಟನ್ ಗೋಪಿನಾಥರ ಬಾಳೇ ಇದಕ್ಕೆ ನಿದರ್ಶನ. ರಾಮಸ್ವಾಮಿ ಅಯ್ಯಂಗಾರ್ಯರ ಬರಹಗಳಿಂದ ನಮಗೆ ಪರಿಚಿತವಾದ ಹೇಮಾವತಿ ತೀರದ ಗೊರೂರೇ ಅವರ ಊರು. ಅವರು ಸೈನ್ಯದಲ್ಲಿದ್ದರು, ಅದನ್ನು ಬಿಟ್ಟು, ನಮ್ಮ ಕೋಲಾರದ ರೈತರಂತೆ, ರೇಷ್ಮೆ ಬೆಳೆದರು, 1997ರಲ್ಲಿ ಬಾಡಿಗೆಯ ಹೆಲಿಕಾಪ್ಟರ್ ಸೇವೆಗೆ ಕೈಹಾಕಿದರು. 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಕಟ್ಟಿ, ಪುಕ್ಕಟೆ ಊಟವನ್ನು ಕೈಬಿಟ್ಟು, ಟಿಕೆಟಿನ ದರವನ್ನಿಳಿಸಿ, ಹುಬ್ಬಳ್ಳಿಯಂಥ ಊರುಗಳಿಗೂ ವಿಮಾನ ಹಾರಿಸಿದರು. 2008ರಲ್ಲಿ ಆ ಸಂಸ್ಥೆ ಕಿಂಗ್‌ಫಿಷರಿನಲ್ಲಿ ಲೀನವಾಯಿತು. 2012ರಲ್ಲಿ ಕಿಂಗ್‌ಫಿಷರೂ ಹಾರಾಟವನ್ನು ನಿಲ್ಲಿಸಿತು. ದುಡಿದವರು ಸಂಬಳವಿಲ್ಲದೆ ತಿಂಗಳುಗಟ್ಟಲೆ ಪರದಾಡಿದರು.

ಹಾಗೆಂದು ಕಲಿತ ವಿದ್ಯೆ ಸಂಸ್ಥೆಯೊಡನೆ ಮುಳುಗುವುದಿಲ್ಲ. ಪರವಾನಗಿಯುಳ್ಳ ಇಂಜಿನಿಯರು ಮತ್ತೊಂದು ಸಂಸ್ಥೆಗೆ ಹೋದಾನು. ತೂಕ ಹಂಚಲು ಬಲ್ಲವನು ಸರಕು ಸಾಗಣೆಗೆ ತಿರುಗಿಯಾನು. 2008ರಲ್ಲಿ ತೆರೆದ ದೇವನಹಳ್ಳಿಯ ನಿಲ್ದಾಣ ನಮಗೆ ದೂರವೇನಲ್ಲ. ಅಲ್ಲಿಗೆ ಹೊರಟ ತರುಣರು ವಿಮಾನದ ಮೇಲಿನ ಹೆಸರಿಗಿಂತ, ಕೈಗೆ ಹತ್ತುವ ಕಸುಬನ್ನು ಮೊದಲು ವಿಚಾರಿಸುವುದು ಲೇಸು.